ಗಿರಿಜಕ್ಕನ ಮೊಣಕಾಲು ನೋವು

ಏಪ್ರಿಲ್ 3

ಟ್ಯಾಕ್ಸಾನಮಿ ಪ್ರಾಕ್ಟಿಕಲ್ಸ್. ಮತ್ತೆ ಫ್ಲಾಪ್. ಟ್ರೇ ಮೇಲೆ ಮೀನು ಇಟ್ಟು ಐಡೆಂಟಿಫೈ ಮಾಡಿ ಅಂದ್ರು. ಬಂಗುಡೆ ಗೊತ್ತಾಗಲಿಲ್ಲ. ಬಂಗುಡೆ! ಅಜ್ಜಿ ಸಂತೆಯಲ್ಲಿ ಮಾರೋದೇ ಅದು. ಆದ್ರೆ ನಾನು ಕಂಡಿರೋ ಬಂಗುಡೆ ಚಪ್ಪಟೆ, ಕಂದು ಬಣ್ಣ, ಹೊಟ್ಟೆ ಸೀಳಿ ಒಣಗಿಸಿದ್ದು. ಇದು ಹಸಿರು ನೀಲಿ ಹೊಳೀತಿದೆ. ಕಣ್ಣಿದೆ. ನನ್ನನ್ನೇ ನೋಡ್ತಿದೆ.

ಸರ್ ಕೇಳಿದ್ರು, "ಯಾವೂರಪ್ಪ?"

"ಶಿರಾ ಸರ್."

"ಓಹೋ."

ಆ ಓಹೋ ಮಧ್ಯಾಹ್ನದ ಊಟದವರೆಗೂ ಹೊಟ್ಟೆಯಲ್ಲೇ ಇತ್ತು.

ರೂಮ್‌ಮೇಟ್ ಅಂಜನ್ ನಗ್ತಾನೆ. ಅವನು ಕೊರಟಗೆರೆಯವನು, ಅವನಿಗೂ ಸಮುದ್ರ ಹೊಸದು, ಆದ್ರೆ ಅವನಿಗೆ ಏನೂ ಆಗಲ್ಲ. "ಬ್ರೋ, ಒಣಗಿಸಿ ತನ್ನಿ ಸರ್, ಆಗ ಹೇಳ್ತೀನಿ ಅನ್ಬೇಕಿತ್ತು" ಅಂದ. ಫಿಶರೀಸ್ ಕೋರ್ಸ್ ತಗೊಂಡಿದ್ದು ಸರಿನಾ... ಬೇಡ. ಈ ಪ್ರಶ್ನೆ ಇವತ್ತು ಬೇಡ.

ಮಂಚದ ಕೆಳಗೆ ಅಜ್ಜಿಯ ಚೀಲ ಹಾಗೇ ಇದೆ. ಯುಗಾದಿಗೆ ಹೋಗಿದ್ದಾಗ ಹೊರಿಸಿ ಕಳಿಸಿದ್ದು. ಕಡ್ಲೆಕಾಯಿ, ಹುಣಸೆಹಣ್ಣು, ಮೊಣಕಾಲಿಗೆ ಹಚ್ಚೋಕೆ ಒಂದು ಬಾಟ್ಲಿ ಹೊಂಗೆ ಎಣ್ಣೆ. ಎಲ್ಲಾ ಮಲ್ಪೆಯಿಂದ ಒಣಮೀನು ಕಳಿಸೋ ಗಿರಿಜಕ್ಕನಿಗೆ. "ಮಂಗಳೂರ್ಗೂ ಮಲ್ಪೆಗೂ ಎಷ್ಟ್ ದೂರ್ಲಾ? ಹೋಗಿ ಕೊಟ್ಬುಟ್ ಬಾ. ಅವ್ಳ ಮುಖ ನೋಡ್ಕಂಡ್ ಬಾ."

ಹೋಗಬೇಕು. ಗೊತ್ತಿಲ್ಲದ ಮನೆಗೆ. ಒಬ್ಬನೇ.

ಏಪ್ರಿಲ್ 9

ಪ್ರಿಪೇರ್ ಮಾಡ್ಕೊಳ್ಳದೆ ಹೋದ್ರೆ ನನಗೆ ಬಾಯಿ ಬರಲ್ಲ. ಮೊರಾರ್ಜಿ ಹಾಸ್ಟೆಲ್‌ನಲ್ಲಿ ವಾರ್ಡನ್ ಹತ್ತಿರ ರಜೆ ಕೇಳೋಕೂ ಮೊದಲು ಬರ್ಕೊಂಡು ಹೋಗ್ತಿದ್ದೆ. ಹಾಗಾಗಿ ಪಾಯಿಂಟ್ಸ್:

ನಮಸ್ಕಾರ. ನಾನು ಚೇತನ್. ಶಿರಾ ತಾವರೆಕೆರೆ ಹತ್ತಿರದ ಹಟ್ಟಿ, ಈರಕ್ಕನ ಮೊಮ್ಮಗ.

ಆಮೇಲೆ? ನೀವು ಮತ್ತು ಅಜ್ಜಿ ನಾನು ಹುಟ್ಟೋಕೆ ಮುಂಚಿನಿಂದ ವ್ಯಾಪಾರ ಮಾಡ್ತಿದ್ದೀರಿ, ಒಬ್ಬರ ಮುಖ ಒಬ್ಬರು ನೋಡಿಲ್ಲ. ಹಿಂಗೆ ಹೇಳಿದ್ರೆ ಪೇಪರ್ ಓದಿದ ಹಾಗಿರುತ್ತೆ. ಆದ್ರೆ ನಿಜ. ಮೀನು ಲಾರಿಯಲ್ಲಿ ಬರುತ್ತೆ, ಮಾತು ಫೋನಲ್ಲಿ. ಮೊದಲು ಎಸ್‌ಟಿಡಿ ಬೂತು, ಈಗ ಅಜ್ಜಿಯ ಬಟನ್ ಫೋನು. ಒಂದು ಸಲ ಲೋಡು ಕೆಟ್ಟು ಬಂದಾಗ ಗಿರಿಜಕ್ಕ ಕೇಳದೇನೇ ಇನ್ನೊಂದು ಲೋಡು ಕಳಿಸಿದ್ರಂತೆ. ಅವತ್ತಿಂದ ಅಜ್ಜಿ ಬೇರೆ ಯಾರ ಹತ್ತಿರವೂ ಒಣಮೀನು ತಗೊಂಡಿಲ್ಲ. ಮಧುಗಿರಿ, ಪಾವಗಡ ಸಂತೆಯ ಹೆಂಗಸರೂ ಅಜ್ಜಿ ಹತ್ತಿರಾನೇ ತಗೊಳ್ಳೋದು.

ತಮಾಷೆ ಅಂದ್ರೆ ನಮ್ಮ ಹಟ್ಟಿ ಬೇಲಿಯೊಳಗೆ ಮೀನು ತರೋ ಹಾಗಿಲ್ಲ, ದೇವರಿಗಾಗಲ್ಲ. ಕುರಿ ಕಾಯೋ ಜನ ನಾವು. ಅದಕ್ಕೆ ಅಜ್ಜಿಯ ಮೀನೆಲ್ಲ ರಸ್ತೆ ಪಕ್ಕದ ಶೀಟ್ ರೂಮಲ್ಲಿ. ಸಂತೆಯಿಂದ ಬಂದವಳು ಅಲ್ಲೇ ಸ್ನಾನ ಮಾಡಿ ಸೀರೆ ಬದಲಾಯಿಸಿ ಹಟ್ಟಿಗೆ ಬರ್ತಾಳೆ. ಆದ್ರೂ ವಾಸನೆ ಬರುತ್ತೆ. ಯಾರೂ ಏನೂ ಅನ್ನಲ್ಲ.

ಮತ್ತೆ ಮೊಣಕಾಲು ಕೇಳಬೇಕು. ಗಿರಿಜಕ್ಕನಿಗೆ ಮೊಣಕಾಲು ನೋವು. ಪ್ರತಿ ಫೋನಿನಲ್ಲೂ ಮೊದಲು ಮಳೆ, ಆಮೇಲೆ ಮೀನು, ಆಮೇಲೆ ಮೊಣಕಾಲು.

ಏಪ್ರಿಲ್ 13, ಭಾನುವಾರ

ಹೋಗಿ ಬಂದೆ. ನಿಧಾನಕ್ಕೆ ಬರೀಬೇಕು.

ಉಡುಪಿವರೆಗೆ ಎಕ್ಸ್‌ಪ್ರೆಸ್, ಮಲ್ಪೆಗೆ ಸಿಟಿ ಬಸ್ಸು, ಅಲ್ಲಿಂದ ಆಟೊ. ಮನೆ ಸಮುದ್ರಕ್ಕೇ ಮುಖ ಮಾಡಿದೆ. ಅಂಗಳ ಅಂದ್ರೆ ಮರಳು. ಮರಳ ಮೇಲೆ ಬಲೆ ಹಾಸಿ ಮೀನು ಒಣಹಾಕಿದ್ದಾರೆ, ಕಾಗೆಗೆ ಅಂತ ಮೇಲೊಂದು ಹಳೇ ಬಲೆ. ಆ ವಾಸನೆ... ಬಸ್ಸಿನಲ್ಲಿ ಜನ ಮೂಗು ಮುಚ್ಕೊಳ್ಳೋ ವಾಸನೆ. ನನಗೆ ಅಜ್ಜಿಯ ಸೆರಗಿನ ವಾಸನೆ. ಈ ಕಡೆ ಬಂದ ಮೇಲೆ ಮೊದಲ ಸಲ ಎದೆ ಸ್ವಲ್ಪ ಸಡಿಲ ಆಯ್ತು.

ತಲೆಗೆ ಟವೆಲ್ (ಇಲ್ಲಿ ಬೈರಾಸು ಅಂತಾರೆ) ಸುತ್ತಿಕೊಂಡ ಒಬ್ಬಾಕೆ ಮೀನು ಮಗುಚಿ ಹಾಕ್ತಿದ್ರು. ಅಮ್ಮನ ವಯಸ್ಸಿರಬಹುದು. ಪಾಯಿಂಟ್ಸ್ ಪ್ರಕಾರ ಹೇಳಿದೆ. ನಮಸ್ಕಾರ, ಚೇತನ್, ಈರಕ್ಕನ ಮೊಮ್ಮಗ, ಗಿರಿಜಕ್ಕ ಇದ್ದಾರಾ?

ಅವರ ಕೈಯಲ್ಲಿದ್ದ ಮೀನು ಕೆಳಗೆ ಬಿತ್ತು. ನನ್ನ ಹಿಂದೆ ನೋಡಿದ್ರು. "ಒಬ್ಬನೇ ಬಂದದ್ದಾ? ಅಜ್ಜಿ ಬರ್ಲಿಲ್ಲ ಅಲ್ವಾ?"

"ಇಲ್ಲ."

"ಒಳಗೆ ಬಾ ಮಾರಾಯ."

ಒಳಗೆ ಗೋಡೆ ಮೇಲೆ ಫೋಟೊ. ಪ್ಲಾಸ್ಟಿಕ್ ಹೂವಿನ ಹಾರ, ಸಣ್ಣ ಕೆಂಪು ಬಲ್ಬು. ದುಂಡು ಮುಖ, ಮೂಗುತಿ, ಹಣೆ ತುಂಬ ಕುಂಕುಮ. ಹಾರ ಕಂಡಾಗಲೇ ಗೊತ್ತಾಗಬೇಕಿತ್ತು. ಆದ್ರೆ ಆಗಲಿಲ್ಲ. ಯುಗಾದಿ ದಿನ ನಾನು ಪಕ್ಕದಲ್ಲಿ ಕೂತಿದ್ದಾಗಲೇ ಅಜ್ಜಿ ಗಿರಿಜಕ್ಕನ ಜೊತೆ ಮಾತಾಡಿದ್ದಾಳೆ!

"ಅತ್ತೆ ಹೋಗಿ ಎರಡು ವರ್ಷ ಆಗ್ತಾ ಬಂತು" ಅಂದ್ರು. ಇವರು ಸೊಸೆ, ಪ್ರಮೀಳಾ.

"ಯುಗಾದಿಗೆ ಫೋನಲ್ಲಿ..."

"ಅದು ನಾನು."

ಅರ್ಥ ಆಗಲಿಲ್ಲ. ಆಗ ಅವರು ಗಂಟಲು ಸರಿ ಮಾಡ್ಕೊಂಡು, ಮೂಗಿನಿಂದ, ನಿಧಾನಕ್ಕೆ: "ಈರಕ್ಕಾ... ಮಳೆ ಉಂಟಾ ನಿಮ್ಮಲ್ಲಿ?"

ಅದೇ ದನಿ. ಮೈ ಜುಂ ಅಂತು. ಚಿಕ್ಕವನಿದ್ದಾಗಿನಿಂದ ಸ್ಪೀಕರಲ್ಲಿ ಕೇಳಿದ ದನಿ.

ಗಿರಿಜಕ್ಕ ಹೋದಾಗ ಪ್ರಮೀಳಕ್ಕ ಗಿರಾಕಿಗಳಿಗೆ ಒಬ್ಬೊಬ್ಬರಾಗಿ ಫೋನ್ ಮಾಡ್ತಾ ಬಂದ್ರಂತೆ. ಹಾಸನದವರು ಅಯ್ಯೋ ಪಾಪ ಅಂದ್ರು, ಮತ್ತೆ ಫೋನ್ ಎತ್ತಲಿಲ್ಲ. ದಾವಣಗೆರೆಯವರೂ ಅಷ್ಟೇ. ಗಿರಿಜಕ್ಕನ ಮಾತಿನ ಮೇಲೆ ನಡೆದ ವ್ಯಾಪಾರ, ಸೊಸೆ ಯಾರಿಗೆ ಗೊತ್ತು? ಕೊನೆಗೆ ಉಳಿದವಳು ನಮ್ಮಜ್ಜಿ. ಅಷ್ಟರಲ್ಲಿ ಅಜ್ಜಿಯೇ ಫೋನ್ ಮಾಡಿದಳು. ಎತ್ತಿದ ತಕ್ಷಣ, ಗಿರಿಜಕ್ಕಾ, ಹೆಂಗಿದ್ದೀಯೆ?

"ಹ್ಞೂಂ ಅಂದೆ. ಅಷ್ಟೇ ಮಾರಾಯ. ಒಂದು ಹ್ಞೂಂ. ಮರುದಿನ ಸತ್ಯ ಹೇಳುವಾ ಅಂತ ಇದ್ದೆ. ಮರುದಿನ ಅವರು ಮೊಣಕಾಲು ಹೇಗುಂಟು ಅಂತ ಕೇಳಿದ್ರು. ಸ್ವಲ್ಪ ಕಮ್ಮಿ ಅಂದೆ." ನಕ್ಕರು. "ನನಗೆ ಮೊಣಕಾಲು ನೋವೇ ಇಲ್ಲ. ಫೋನಲ್ಲಿ ಮಾತ್ರ ಇರುದು."

ನಾನು ತಂದ ಎಣ್ಣೆ ಬಾಟ್ಲಿ ಕೈಲಿ ಹಿಡ್ಕೊಂಡು ಕೂತ್ರು. "ಇದುವರೆಗೆ ಲಾರಿಯಲ್ಲಿ ಬಂದದ್ದೆಲ್ಲ ದೋಣಿಗೆ ಹಚ್ಚಿದ್ದು. ಈಗ ನಮ್ಮ ದೋಣಿಗೆ ಮೊಣಕಾಲು ನೋವೇ ಇಲ್ಲ ನೋಡು." ಮತ್ತೆ ನಕ್ಕರು. ಆಮೇಲೆ ಬೈರಾಸಿನಿಂದ ಮುಖ ಒರೆಸ್ಕೊಂಡ್ರು, ತುಂಬ ಹೊತ್ತು.

"ಸಣ್ಣ ಮೀನು ಬಂದರಿಂದಲೇ ಫ್ಯಾಕ್ಟರಿಗೆ ಹೋಗ್ತದೆ, ಕೋಳಿ ಫೀಡಿನ ಹುಡಿ ಮಾಡ್ಲಿಕ್ಕೆ. ಒಳ್ಳೆದು ಐಸಿಗೆ. ನಡುವೆ ಎಂತ ಸಿಗ್ತದೆ ಅದನ್ನ ನಾನು ಒಣಗಿಸುದು, ನಿಮ್ಮಜ್ಜಿಗೆ. ಅವರು ಬೇಡ ಅಂದ್ರೆ ಈ ಅಂಗಳದಲ್ಲಿ ನಾನು ಎಂತ ಒಣಗಿಸ್ಲಿ? ಬಟ್ಟೆಯಾ?"

ಎಣ್ಣೆ ಬಾಟ್ಲಿ ಗೋಡೆ ಪಕ್ಕ ಇಟ್ರು.

"ಮೇ ಕೊನೆ ಲೋಡು ಹೋಗ್ಲಿ. ಮತ್ತೆ ಮಳೆಗಾಲ, ಎರಡು ತಿಂಗಳು ಬೋಟಿಗೆ ರಜೆ. ಆಗ ನಾನೇ ಹೇಳ್ತೇನೆ. ಸತ್ಯ. ನೀನು ಬಾಯಿ ಬಿಡ್ಬೇಡ."

ಹ್ಞೂಂ ಅಂದೆ.

ನಾನೂ.

ಏಪ್ರಿಲ್ 15

ಅವತ್ತು ವಾಪಸ್ ಬರೋ ಮುಂಚೆ ನೀರಿನ ಹತ್ತಿರ ಹೋಗಿ ನಿಂತಿದ್ದೆ. ಅದನ್ನ ಬರೆಯೋದು ಮರೆತೆ.

ಆರು ತಿಂಗಳಿಂದ ಸಮುದ್ರ ಅಂದ್ರೆ ನನಗೆ ಸಿಲಬಸ್. ಸ್ಯಾಲಿನಿಟಿ, ಅಪ್‌ವೆಲ್ಲಿಂಗ್. ಅವತ್ತು ಪ್ರಮೀಳಕ್ಕನ ಪಕ್ಕ ನಿಂತಾಗ ಬೇರೆ ಅನ್ನಿಸ್ತು. ಅವರು ನೀರನ್ನ ನೋಡೋ ರೀತಿ... ನಮ್ಮ ತಾತ ಹಟ್ಟಿ ಮುಂದೆ ನಿಂತು ಕುರಿ ಮೇಯೋ ಕಾವಲಿನ ಹುಲ್ಲು ನೋಡ್ತಿದ್ದ ಹಾಗೆ. ಚಂದ ಇದೆ ಅಂತಲ್ಲ. ಇವತ್ತು ಏನಾದ್ರೂ ಇದೆಯಾ ಅಂತ. ತಾತನೂ ಒಂದು ಕಡೆ ಮೇಯಿಸಿ ಇನ್ನೊಂದು ಕಡೆ ಬಿಡ್ತಿದ್ದ, ಹುಲ್ಲು ಏಳಲಿ ಅಂತ. ಇಲ್ಲಿ ಮಳೆಗಾಲದ ಬ್ಯಾನ್. ಸರ್ಕಾರ ಹೇಳೋಕೆ ಮುಂಚೆಯೂ ನಮ್ಮವರು ಆ ಎರಡು ತಿಂಗಳು ಕಡಲಿಗೆ ಹೋಗ್ತಿರಲಿಲ್ಲ ಅಂದ್ರು ಪ್ರಮೀಳಕ್ಕ. "ಈಗ ಬೋಟು ದೊಡ್ಡದು, ಹೊಟ್ಟೆಯೂ ದೊಡ್ಡದು" ಅಂದ್ರು. ಮೊದಲು ಅಂಗಳ ಇನ್ನೂ ಮುಂದೆ ಇತ್ತಂತೆ, ಎರಡು ತೆಂಗಿನಮರ ಸಹಿತ. ಸಮುದ್ರ ಕೊರೆದ ಮೇಲೆ ಈಗ ಅಲ್ಲಿ ಕಲ್ಲು ಸುರಿದಿದ್ದಾರೆ.

ಆ ಓಹೋ ಅಂದ ಸರ್‌ಗೆ ಇದನ್ನ ಹೇಳಬೇಕು ಅನ್ನಿಸ್ತು. ಹೇಳಲ್ಲ. ಗೊತ್ತು.

ಏಪ್ರಿಲ್ 29

ಅಜ್ಜಿ ಫೋನು. "ಕೊಟ್ಯಾ?" ಕೊಟ್ಟೆ. "ಏನಂದ್ಲು?" ಖುಷಿ ಪಟ್ರು. "ಮೊಣಕಾಲು?" ಸ್ವಲ್ಪ ಕಮ್ಮಿ ಅಂತೆ.

ಎಷ್ಟು ಸಲೀಸು ಬಂತು. ಪ್ರಮೀಳಕ್ಕ ಹೇಳಿದ್ದು ಈಗ ಅರ್ಥ ಆಗ್ತಿದೆ. ಎರಡನೇ ಸಲಕ್ಕೆ ಕಷ್ಟವೇ ಆಗಲ್ಲ.

"ಎಕ್ಸಾಮ್ ಐತೆ ಅಜ್ಜಿ, ಇಡ್ತೀನಿ."

"ಇಡು ಇಡು. ಬಂದಾಗ ಪೂರ್ತಿ ಹೇಳಿವಂತೆ."

ಪೂರ್ತಿ.

ಮೇ 12, ಊರು

ಎಕ್ಸಾಮ್ಸ್ ಮುಗೀತು. ಟ್ಯಾಕ್ಸಾನಮಿ ಪಾಸಾಗಬಹುದು. ಬಸ್ಸು ಶಿರಾ ಬೈಪಾಸಲ್ಲಿ ಇಳಿಸಿ ಹೋಯ್ತು. ಬಿಸಿಲು. ಬೆವರೇ ಬರಲ್ಲ ಇಲ್ಲಿ, ಮೈ ಸುಮ್ಮನೆ ಒಣಗುತ್ತೆ.

ಅಪ್ಪ ವಳ್ಳೂರಿನ ಸೋಲಾರ್ ಪಾರ್ಕಲ್ಲಿ ಡ್ಯೂಟಿ, ವಾರಕ್ಕೊಮ್ಮೆ ಬರ್ತಾರೆ. ಅಮ್ಮ ಅಂಗನವಾಡಿಯಿಂದ ಬಂದು ಸುಸ್ತಾಗಿ ಮಲಗಿದ್ಲು. ಅಜ್ಜಿ ಮಾತ್ರ ಬಾಗಿಲಲ್ಲೇ ಕೂತಿದ್ಲು. ಕಾಯ್ತಾ.

ಸುಸ್ತು ಅಂತ ಮಲಗಿಬಿಟ್ಟೆ. ಎಷ್ಟು ದಿನ ಸುಸ್ತು ಅನ್ನೋಕಾಗುತ್ತೆ.

ಮೇ 14

ಎಲ್ಲಾ ಹಾಳು ಮಾಡಿದೆ.

ಬೆಳಗ್ಗೆ ಶೀಟ್ ರೂಮಲ್ಲಿ ಅಜ್ಜಿಗೆ ಮೀನು ಕಟ್ಟು ಕಟ್ಟಿಕೊಡ್ತಿದ್ದೆ. ಮಾಮೂಲಿ ಮಾತು. ಇದ್ದಕ್ಕಿದ್ದಂಗೆ, "ನೋಡಾಕೆ ಹೆಂಗವ್ಳ್ಲಾ ಗಿರಿಜಕ್ಕ?"

ಇದನ್ನ ಪ್ರಿಪೇರ್ ಮಾಡಿರಲಿಲ್ಲ. ತಲೆಗೆ ಬಂದಿದ್ದು ಆ ಫೋಟೊ. ಅದನ್ನೇ ಹೇಳ್ತಾ ಹೋದೆ. ದುಂಡು ಮುಖ ಅಜ್ಜಿ. ಮೂಗುತಿ. ನಿನ್ನ ಥರಾನೇ ಹಣೆ ತುಂಬ ಕುಂಕುಮ...

ಅಜ್ಜಿಯ ಕೈ ನಿಂತಿತು.

"ಏನಂದೆ?"

"ಕುಂಕುಮ."

"ಅವ್ಳೆಲ್ಲಿ ಕುಂಕುಮ ಇಕ್ತಾಳೆ? ಗಂಡ ಹೋದಾಗ್ಲೇ ತಗ್ದುಬುಟ್ಲು. ಇಕ್ಕಮ್ಮ, ನಮ್ಮಲ್ಲಿ ನಾವು ಇಕ್ತೀವಿ ಅಂತ ಫೋನಲ್ಲಿ ಎಷ್ಟ್ ಜಗಳ ಆಡಿವ್ನಿ. ನಮ್ಮಲ್ಲಿ ಆಗುದಿಲ್ಲ ಈರಕ್ಕ ಅಂದ್ಲು. ಎಷ್ಟ್ ಹೇಳಿದ್ರೂ ಕೇಳ್ಲಿಲ್ಲ."

ನಮ್ಮ ಹಟ್ಟಿಯಲ್ಲಿ ಗಂಡ ಸತ್ತರೆ ಯಾರೂ ಕುಂಕುಮ ಬಳೆ ತೆಗೆಯಲ್ಲ. ತಾತ ಹೋದ ಮೇಲೂ ಅಜ್ಜಿಯ ಹಣೆ ಹಾಗೇ ಇದೆ. ನಾನು ಬೇರೆ ನೋಡಿದ್ದೆಲ್ಲಿ? ಊರಲ್ಲಿ ಹಟ್ಟಿ, ಆಮೇಲೆ ಹುಡುಗರ ಹಾಸ್ಟೆಲ್ಲು. ಆ ಫೋಟೊದಲ್ಲಿ ಏನಾದ್ರೂ ವಿಚಿತ್ರ ಇದೆ ಅಂತ ನನ್ನ ತಲೆಗೇ ಹೊಳೀಲಿಲ್ಲ. ಗಂಡ ಬದುಕಿದ್ದಾಗ ತೆಗೆಸಿದ್ದು ಅದು.

"ಯಾವ್ದೋ ಫೋಟೊ ನೋಡ್ಕಂಡ್ ಬಂದು ಹೇಳ್ತಾ ಇದ್ದೀಯ" ಅಂದ್ಲು ಅಜ್ಜಿ. ಸಿಟ್ಟಿರಲಿಲ್ಲ ದನಿಯಲ್ಲಿ. "ಹಾರ ಹಾಕಿತ್ತಾ ಅದ್ಕೆ?"

"ಪ್ಲಾಸ್ಟಿಕ್ ಹೂವಿಂದು" ಅಂದೆ. ಉಳಿದಿದ್ದೂ ಹೇಳಿಬಿಟ್ಟೆ, ಎರಡು ವರ್ಷ, ಫೋನಿನ ದನಿ, ಎಲ್ಲಾ.

ಅಜ್ಜಿ ಎದ್ದು ಹೊರಗಿನ ತೊಟ್ಟಿ ಹತ್ರ ಹೋದ್ಲು. ಉಟ್ಟ ಸೀರೆಯಲ್ಲೇ ತಲೆ ಮೇಲೆ ನೀರು ಸುರ್ಕೊಂಡ್ಲು. ಬಿಂದಿಗೆ ಮೇಲೆ ಬಿಂದಿಗೆ.

ಮೇ 15

ಅಮ್ಮ ಕೇಳಿದ್ಲು, "ಅತ್ತೆ, ಎರಡು ವರ್ಷದ ಹಿಂದಿನ ಸಾವಿಗೆ ಈಗೇನು? ತಲೆಗೆ ನೀರು ಹಾಕ್ಕಂಡ್ರಿ, ಸಾಕು. ಅದೂ ನಮ್ಮೋರಾಗಿದ್ರೆ."

"ನಮ್ಮೋಳೇ" ಅಂದ್ಲು ಅಜ್ಜಿ. ಸೂತಕ ಅಂತ ಒಲೆ ಮುಂದೆ ಬರಲಿಲ್ಲ. ಜಗಲಿ ಮೇಲೆ ಚಾಪೆ ಹಾಸ್ಕೊಂಡು ಕೂತಿದ್ದಾಳೆ. ಸಂತೆಗೂ ಹೋಗಲ್ಲವಂತೆ.

ಪ್ರಮೀಳಕ್ಕನ ಮಿಸ್ಡ್ ಕಾಲ್. ಅಜ್ಜಿ ಫೋನಿಗೆ. ಆಮೇಲೆ ನನ್ನ ಫೋನಿಗೆ. ಆಮೇಲೆ ವಾಟ್ಸಾಪು: ಲೋಡು ರೆಡಿ ಉಂಟು, ಲಾರಿ ಯಾವಾಗ ಅಂತ ಕೇಳು. ಈ ಸಲ ಮಳೆ ಬೇಗ ಬರುವ ಹಾಗೆ ಉಂಟು.

ಟೈಪ್ ಮಾಡಿದೆ: ಅಕ್ಕ, ಅಜ್ಜಿಗೆ ಗೊತ್ತಾಯ್ತು. ನನ್ನ ಬಾಯಿಂದಾನೇ. ಸಾರಿ.

ಬ್ಲೂ ಟಿಕ್. ಟೈಪಿಂಗ್... ಟೈಪಿಂಗ್... ಏನೂ ಬರಲಿಲ್ಲ.

ಮೇ 18

ಇವತ್ತು ಮಧುಗಿರಿಯ ಮಹಾಲಕ್ಷ್ಮಮ್ಮ ಬಂದಿದ್ರು. ಅಲ್ಲಿ ಸಂತೆಯಲ್ಲಿ ಅಜ್ಜಿಯ ಮೀನು ಮಾರೋರು. ಜಗಲಿ ಕಟ್ಟೆ ಮೇಲೆ ಕೂತು ಜೋರು ಮಾಡಿದ್ರು.

"ಏನ್ ಈರಕ್ಕ, ಸಂತೆ ಬುಟ್ಟು ಇಲ್ಲಿ ಕುಂತಿದ್ದೀಯ? ಶಿರಾದಲ್ಲಿ ಆಂಧ್ರದ ಮಾಲು ಬಂದೈತೆ. ಪ್ಲಾಸ್ಟಿಕ್ ಪ್ಯಾಕೆಟ್ಟು, ವಾಸ್ನೇನೇ ಇಲ್ಲ. ಅದ್ನೇ ತಗಂಡ್ಬುಡಾನ. ಸುಳ್ಳು ಹೇಳಿದೋಳ ಹತ್ರ ಇನ್ನೇನ್ ಯಾಪಾರ?"

"ವಾಸ್ನೆ ಇಲ್ದಿದ್ರೆ ಅದೇನ್ ಮೀನಾ, ಹಪ್ಪಳನಾ?" ಅಂದ್ಲು ಅಜ್ಜಿ. ಅಷ್ಟೇ.

ಅವರು ಹೋದ ಮೇಲೆ ಧೈರ್ಯ ಮಾಡಿ ಪಕ್ಕದಲ್ಲಿ ಕೂತೆ. ಪ್ರಮೀಳಕ್ಕ ಕೆಟ್ಟವರಲ್ಲ ಅಜ್ಜಿ, ವ್ಯಾಪಾರ ಹೋಗುತ್ತೆ ಅಂತ ಹೆದರಿ... ಅಂತ ಶುರು ಮಾಡಿದೆ.

"ಯಾಪಾರ ಸುಡ್ಲಿ" ಅಂದ್ಲು. "ಅವ್ಳು ಸತ್ತ ದಿನ ನಾನೇನ್ ಮಾಡ್ತಿದ್ದೆ ಹೇಳು? ಯಾವ ಸಂತೇಲಿ ಕುಂತು ಹಲ್ಲು ಕಿಸೀತಿದ್ದೆ? ಗೊತ್ತೇ ಇಲ್ವಲ್ಲ ನಂಗೆ. ಒಂದ್ ತೊಟ್ಟು ಕಣ್ಣೀರು ಹಾಕ್ಲಿಲ್ಲ ಕಣ್ಲಾ ಅವ್ಳಿಗೆ. ನಿಮ್ ತಾತ ಹೋದಾಗ ಅವ್ಳು ಫೋನಲ್ಲೇ ಬೆಳಗಾನ ಅತ್ತವ್ಳೆ."

ನನಗೆ ಗೊತ್ತಿರಲಿಲ್ಲ ಅದು. ನಾನು ಆಗ ಹಾಸ್ಟೆಲಲ್ಲಿದ್ದೆ. ಮಣ್ಣಾದ ಮೇಲೆ ನನ್ನನ್ನ ಕರೆಸಿದ್ದು. ನನಗೂ ತಾತನಿಗೆ ಅಳೋಕೆ ಸಿಗಲಿಲ್ಲ. ಅದನ್ನ ಅಜ್ಜಿಗೆ ಹೇಳಬೇಕು ಅನ್ನಿಸ್ತು. ಕೈ ಹಿಡ್ಕೊಂಡೆ. ಮೀನು ವಾಸನೆ ಇರಲಿಲ್ಲ ಅವಳ ಕೈಯಲ್ಲಿ.

ಮೇ 19

ಪ್ರಮೀಳಕ್ಕನ ಮೆಸೇಜು, ಬೆಳಗ್ಗೆ. ಫೋಟೊ. ಅಂಗಳ ಖಾಲಿ, ಕಟ್ಟುಗಳೆಲ್ಲ ಜಗಲಿ ಮೇಲೆ ಟಾರ್ಪಾಲು ಹೊದ್ದು ಕೂತಿವೆ. ಹಿಂದೆ ಸಮುದ್ರ ಬೂದಿ ಬಣ್ಣ.

ಕೆಳಗೆ ಒಂದೇ ಸಾಲು: ಬೇಡ ಅಂತಾದ್ರೆ ಬೇಡ ಅಂತ ಹೇಳ್ಲಿ. ಕೋಳಿ ಫೀಡಿನವರಿಗೆ ಕೊಟ್ಟುಬಿಡ್ತೇನೆ.

ಅಜ್ಜಿಗೆ ಫೋಟೊ ತೋರಿಸಿದೆ. ಫೋನನ್ನ ಕಣ್ಣ ಹತ್ತಿರ, ದೂರ, ಮತ್ತೆ ಹತ್ತಿರ ಹಿಡಿದು ನೋಡಿದ್ಲು. "ಇದೇ ಮನೆನಾ?" ಅಂದ್ಲು. ಹೌದು ಅಂದೆ. "ಇದೇನು, ಹಿಂದೆ ಕಾಣಾದು? ಮೋಡನಾ?"

"ಸಮುದ್ರ ಅಜ್ಜಿ."

"ಇಷ್ಟ್ ಹತ್ರನಾ!"

ವಾಪಸ್ ಕೊಟ್ಲು.

ಮೇ 21, ಸಂಜೆ

ಇವತ್ತು ಅಜ್ಜಿ ತಲೆಗೆ ಸ್ನಾನ ಮಾಡಿ, ಬೇರೆ ಸೀರೆ ಉಟ್ಟು, ಶೀಟ್ ರೂಮಿಗೆ ಬಂದು ಕೂತ್ಲು. "ಹಾಕ್ಲಾ ಫೋನು" ಅಂದ್ಲು.

ಸ್ಪೀಕರ್ ಆನ್ ಮಾಡಿ ಮೀನಿನ ಗೋಣಿ ಮೇಲೆ ಇಟ್ಟೆ. ಎತ್ತಿದ್ರು.

"ಹಲೋ..." ಮೂಗಿನ ದನಿ ಅಲ್ಲ. ಪ್ರಮೀಳಕ್ಕನದೇ. ತೆಳ್ಳಗೆ.

"ಹೇಳು" ಅಂದ್ಲು ಅಜ್ಜಿ.

"ಎಂತ ಹೇಳುದಮ್ಮ?"

"ಹೆಂಗೋದ್ಲು, ಹೇಳು. ಒಂದೂ ಬುಡ್ದಂಗೆ."

ಹೇಳಿದ್ರು. "ಬೆಳಗ್ಗೆ ಮೋಡ ಕಟ್ಟಿತ್ತು. ಅತ್ತೆ ಮೀನಿಗೆ ಟಾರ್ಪಾಲು ಹೊದೆಸ್ಲಿಕ್ಕೆ ಅಂಗಳಕ್ಕೆ ಹೋದ್ರು. ಹೊದೆಸಿ ಅಲ್ಲೇ ಕೂತ್ರು. ಮಳೆ ಬಿದ್ದರೂ ಏಳಲಿಲ್ಲ. ಮೊಂಡುತನ ಅಂತ ನಾನು ಒಳಗಿಂದ ಬೈದೆ. ಬೈದದ್ದು ಅವರಿಗೆ ಕೇಳಲೇ ಇಲ್ಲ."

"ಏನ್ ಉಂಡಿದ್ಲು?"

"ಗಂಜಿ. ಮಾವಿನ ಮಿಡಿ."

"ಮೈ ತೊಳ್ದೋರು ಯಾರು?"

"ನಾನೇ ಅಮ್ಮ."

"ಮೀನು ನೆನೀತಾ?"

"ಇಲ್ಲ. ಒಂದೂ ನೆನೀಲಿಲ್ಲ."

ಅಷ್ಟಕ್ಕೆ ಅಜ್ಜಿ ಅತ್ತಳು. ಹಾಡಿನ ಥರ, ಹಟ್ಟಿಯ ಹೆಂಗಸರು ಹೆಣದ ಮುಂದೆ ಅಳ್ತಾರಲ್ಲ ಹಾಗೆ, ಹೆಸರು ಹಿಡಿದು. ಆ ಕಡೆಯಿಂದಲೂ ಅಳು. ನಾನು ಹೊರಗೆ ಹೋಗಬೇಕಿತ್ತೇನೋ. ಹೋಗಲಿಲ್ಲ. ನಾನೂ...

ತುಂಬ ಹೊತ್ತಿನ ಮೇಲೆ ಅಜ್ಜಿ ಮೂಗು ಸೀಟಿ, ಸೆರಗು ಸರಿ ಮಾಡ್ಕೊಂಡು ಫೋನಿನ ಮೇಲೆ ಬಗ್ಗಿದ್ಲು.

"ಅಂಗಾದ್ರೆ ಎರಡ್ ವರ್ಸದಿಂದ ಮೀನಿಗೆ ಉಪ್ಪು ಹಾಕ್ತಾ ಇರೋಳು ನೀನು?"

"ಹೌದಮ್ಮ."

"ಅಯ್ ನಿನ್ ಕೈ ಸೇದೋಗ! ಉಪ್ಪಾ ಅದು? ಬಾಯಿಗಿಕ್ಕಂಗಿಲ್ಲ! ಮಧುಗಿರಿಯೋಳು ಸಂತೆ ಸಂತೆಗೂ ಬಂದು ಉಗೀತಾಳೆ ನಂಗೆ. ಗಿರಿಜಕ್ಕಂಗೆ ವಯಸ್ಸಾಯ್ತು, ಕೈ ಅಂದಾಜು ತಪ್ಪೈತೆ, ಹೆಂಗ್ ಬಾಯ್ಬುಟ್ಟು ಹೇಳಾದು ಅಂತ ಎರಡ್ ವರ್ಸ ನುಂಗ್ಕಂಡ್ ಕುಂತಿವ್ನಿ!"

ಕಟ್ ಮಾಡಿದ್ರು ಅಂದ್ಕೊಂಡೆ. ಆಮೇಲೆ:

"ಕಮ್ಮಿ ಹಾಕಿದ್ರೆ ಹುಳ ಬೀಳ್ತದೆ ಅಮ್ಮ. ನಿಮ್ಮ ಲಾರಿ ಹೇಳಿದ ದಿನ ಬಂದದ್ದುಂಟಾ ಒಮ್ಮೆಯಾದ್ರೂ?"

"ಲಾರಿ ಮ್ಯಾಲ್ ಹಾಕ್ಬ್ಯಾಡ!"

"ಮತ್ತೆ ನೀವು ಕಳಿಸುವ ಹುಣಸೆಹಣ್ಣು? ಅರ್ಧ ಬೀಜ. ನಾನೂ ಎರಡು ವರ್ಷ ಬಾಯಿ ಮುಚ್ಚಿ ತಿಂದದ್ದೇ!"

ಅಜ್ಜಿ ನನ್ನ ಕಡೆ ತಿರುಗಿದ್ಲು. ಕೆನ್ನೆ ಇನ್ನೂ ಒದ್ದೆ. "ನೋಡ್ದೇನ್ಲಾ ಇವ್ಳ ಬಾಯಿನ?" ಆಮೇಲೆ ಫೋನಿಗೆ, "ಏನಮ್ಮಿ ನಿನ್ ಹೆಸ್ರು? ಪ್ರಮೀಳನಾ? ಕೇಳಿಲ್ಲಿ ಪ್ರಮೀಳಾ, ಬಂಗುಡೆ ಹೊಟ್ಟೆ ತೊಳ್ದು ನೀರು ಇಳ್ಯಕ್ಕೆ ಬುಟ್ಟು ಆಮೇಲ್ ಉಪ್ಪು..."

ನಾನು ಮೂಲೆಯಲ್ಲಿ ಗೋಣಿ ಮೇಲೆ ಕೂತು ಇದನ್ನ ಬರೀತಿದ್ದೀನಿ. ಇನ್ನೂ ನಡೀತಿದೆ. ಅವರು ಇವಳಿಗೆ, ಇವಳು ಅವರಿಗೆ. ಆ ಕಡೆ ಮಳೆ ಶುರುವಾದ ಸದ್ದು ಸ್ಪೀಕರಲ್ಲಿ ಕೇಳಿಸ್ತಿದೆ, ತಗಡಿನ ಮೇಲೆ. ಅಜ್ಜಿಗೂ ಕೇಳಿಸ್ತು. ಮಾತು ನಿಲ್ಲಿಸಿದ್ಲು. "ಲೇ ಚೇತು, ಬರ್ದಿದ್ ಸಾಕು, ಲಾರಿ ಪರ್ವತಯ್ಯಂಗೆ ಫೋನ್ ಹಾಕು, ನಾಳೀಕೇ ಹೊರ್ಡು ಅನ್ನು, ಮಾಲು ಜಗಲಿ ಮ್ಯಾಲೈತೆ, ಇನ್ನೊಂದ್ ದಿನ ಬುಟ್ರೆ ಎಲ್ಲಾ ನೆನ್ದೋಗ್ತೈತೆ!"